ಮೊಬೈಲ್ ದಾಳವನ್ನು ನಂಬಬಹುದಾ? ಆಟಕ್ಕೂ ಪಾಠಕ್ಕೂ ಬಳಸುವವರು ಹೇಳಿ

ನೀಲಿಕಾಯಿ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ, ಅತ್ತೆ, ಅವರ ಮಕ್ಕಳು ಎಲ್ಲ ಬೇರೆ ಬೇರೆ ಊರುಗಳಲ್ಲಿದ್ದಾರೆ. ಆಗಾಗ ವಿಡಿಯೊ ಕಾಲ್‌ನಲ್ಲಿ ಸೇರಿ ಲೂಡೋ ಆಡುತ್ತೇವೆ. ಬೋರ್ಡ್ ನಮ್ಮ ಮನೆಯಲ್ಲಿರುತ್ತದೆ, ಕ್ಯಾಮೆರಾ ಅದರ ಮೇಲಿರುತ್ತದೆ. ದಾಳ ಮಾತ್ರ ಮೊಬೈಲಿನದು. ಗುಂಡಿ ಒತ್ತಿದರೆ ಉರುಳುತ್ತದೆ. ಈಗ ಅತ್ತೆಯ ದೂರು ಏನೆಂದರೆ, "ಇದು ನಿಮ್ಮ ಫೋನು, ನಿಮಗೇ ಆರು ಕೊಡುತ್ತದೆ." ಹೇಗೆ ಸಮಾಧಾನ ಹೇಳುವುದೋ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಷಯ. ಮಗಳು ಈಗಷ್ಟೇ ಕೂಡುವ ಲೆಕ್ಕ ಕಲಿಯುತ್ತಿದ್ದಾಳೆ. ಇದೇ ದಾಳದಿಂದ ಅವಳಿಗೆ ಹೇಳಿಕೊಡಬಹುದಾ, ಇಲ್ಲ ನಿಜವಾದ ದಾಳವೇ ಬೇಕಾ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೂರನೇಮನೆ:
ನನಗೂ ಇದೇ ಅನುಮಾನ. ಬೇರೆಯವರ ಕಾಯಿಗಳು ಅರ್ಧ ಸುತ್ತು ಹೋಗಿರುತ್ತವೆ, ನನ್ನದು ಮನೆಯಿಂದ ಹೊರಗೇ ಬಂದಿರುವುದಿಲ್ಲ. ಒಂದು ಆರು ಬೀಳಬೇಕಾದರೆ ಸಾಕಾಗಿ ಹೋಗುತ್ತದೆ. ಮರದ ದಾಳದಲ್ಲಿ ಹೀಗೆ ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಲೆಕ್ಕದಮೇಷ್ಟ್ರು:
ಮೂರನೇಮನೆ ಅವರೇ, ಮರದ ದಾಳದಲ್ಲೂ ಹಾಗೇ ಆಗುತ್ತದೆ. ಲೆಕ್ಕ ಹಾಕಿ ನೋಡೋಣ.

ಒಂದು ಸಲ ಉರುಳಿಸಿದಾಗ ಆರು ಬೀಳದಿರುವ ಸಂಭವ 5/6. ಹತ್ತು ಸಲವೂ ಬೀಳದಿರುವ ಸಂಭವ ಬೇಕಾದರೆ 5/6 ಅನ್ನು ಹತ್ತು ಸಲ ಗುಣಿಸಬೇಕು. ಸುಮಾರು 0.16 ಬರುತ್ತದೆ. ಅಂದರೆ ನೂರರಲ್ಲಿ 16 ಸಲ ಒಬ್ಬ ಆಟಗಾರ ಮೊದಲ ಹತ್ತು ಸರದಿಯಲ್ಲಿ ಆರನ್ನು ನೋಡುವುದೇ ಇಲ್ಲ. ಇದು ಒಬ್ಬರ ಲೆಕ್ಕ. ಲೂಡೋದಲ್ಲಿ ನಾಲ್ಕು ಜನ ಇರುತ್ತಾರಲ್ವಾ? ನಾಲ್ವರಲ್ಲಿ ಕೊನೇಪಕ್ಷ ಒಬ್ಬರಿಗೆ ಈ ಗತಿ ಬರುವ ಸಂಭವ ಸುಮಾರು 0.51.

ಇನ್ನೊಮ್ಮೆ ಓದಿ. ಸರಿಯಾದ ದಾಳ, ಸರಿಯಾದ ಆಟ, ಯಾರೂ ಮೋಸ ಮಾಡಿಲ್ಲ. ಆದರೂ ಎರಡು ಆಟಕ್ಕೆ ಒಂದು ಆಟದಲ್ಲಿ ಯಾರೋ ಒಬ್ಬರು ಹತ್ತು ಸರದಿ ಸುಮ್ನೆ ಕೂತಿರುತ್ತಾರೆ. ಹಾಗೆ ಕೂತವರಿಗೆ ಬೇಜಾರಾಗುವುದು ಸಹಜ. ಸರಾಗವಾಗಿ ನಡೆದ ಆಟ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಕಾದು ಕೂತಿದ್ದು ಮಾತ್ರ ಉಳಿಯುತ್ತದೆ. ಆರಕ್ಕೆ ಸರಾಸರಿ ಆರು ಸಲ ಕಾಯಬೇಕು ಅನ್ನುವುದು ನಿಜ. ಆದರೆ ಸರಾಸರಿಯ ಆಚೀಚೆ ಎಷ್ಟು ದೂರ ಹೋಗಬಹುದು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಕೋಡುಕಟ್ಟುವವ:
ಮೇಷ್ಟ್ರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಎರಡು ಬಗೆಯ ದಾಳ ಇವೆ, ಅವನ್ನು ಬೆರೆಸಬೇಡಿ. ಒಂದು, ಆಟದ ಆ್ಯಪ್‌ನ ಒಳಗೇ ಇರುವ ದಾಳ. ಆ ಆ್ಯಪ್‌ಗೆ ಯಾರ ಸರದಿ, ಯಾರು ಹಿಂದೆ ಇದ್ದಾರೆ ಎಲ್ಲ ಗೊತ್ತಿರುತ್ತದೆ. ಹಿಂದೆ ಬಿದ್ದವರಿಗೆ ಸ್ವಲ್ಪ ಕೈ ಹಿಡಿಯುವಂತೆ ಮಾಡಬೇಕೆಂದರೆ ಮಾಡಬಹುದು, ನಿಮಗೆ ಹೊರಗಿನಿಂದ ಕಾಣಿಸುವುದಿಲ್ಲ. ಇನ್ನೊಂದು, ಬರೀ ದಾಳ ಉರುಳಿಸುವ ಪುಟ. ನೀಲಿಕಾಯಿ ಅವರು ಬಳಸುತ್ತಿರುವುದು ಇದೇ ಅನ್ನಿಸುತ್ತದೆ. ಅದಕ್ಕೆ ಗುಂಡಿ ಒತ್ತಿದ್ದು ಗೊತ್ತು, ಅಷ್ಟೇ. ಈಗಿನದು ಅತ್ತೆಯ ಸರದಿಯೋ ನಿಮ್ಮದೋ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಗೊತ್ತಿಲ್ಲದ ಮೇಲೆ ಪಕ್ಷಪಾತ ಎಲ್ಲಿಂದ ಬರಬೇಕು?

ಹಾಗಂತ ಎಲ್ಲ ದಾಳವೂ ಸರಿ ಇರುತ್ತದೆ ಎಂದೂ ಅಲ್ಲ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ಬರೆದ ದಾಳಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ವೆಬ್ ಪುಟಗಳಲ್ಲಿ ಬಳಸುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನ ಮ್ಯಾಥ್.ರ್‍ಯಾಂಡಮ್ ಎಂಬ ಆದೇಶ ಸೊನ್ನೆಯಿಂದ ಒಂದರೊಳಗಿನ ಒಂದು ದಶಮಾಂಶ ಸಂಖ್ಯೆ ಕೊಡುತ್ತದೆ. ಅದನ್ನು 6ರಿಂದ ಗುಣಿಸಿ, ದಶಮಾಂಶ ಭಾಗ ಕತ್ತರಿಸಿ, 1 ಕೂಡಿದರೆ ಸರಿಯಾದ ದಾಳ. ಕೆಲವರು 5ರಿಂದ ಗುಣಿಸಿ, ಹತ್ತಿರದ ಪೂರ್ಣ ಸಂಖ್ಯೆಗೆ ತಂದು, 1 ಕೂಡುತ್ತಾರೆ. ನೋಡಿದರೆ ಇದೂ 1ರಿಂದ 6 ಕೊಡುತ್ತದೆ. ಆದರೆ 1 ಬರಬೇಕಾದರೆ ಗುಣಿಸಿದ ಸಂಖ್ಯೆ 0 ಮತ್ತು 0.5ರ ನಡುವೆ ಬೀಳಬೇಕು. 2 ಬರಲು 0.5ರಿಂದ 1.5ರವರೆಗೆ ಜಾಗ ಇದೆ. ಹಾಗಾಗಿ 1ಕ್ಕೂ 6ಕ್ಕೂ ನೂರಕ್ಕೆ ಹತ್ತು, ಉಳಿದ ನಾಲ್ಕಕ್ಕೆ ನೂರಕ್ಕೆ ಇಪ್ಪತ್ತು. ಇಂಥ ದಾಳದಲ್ಲಿ ಲೂಡೋ ಆಡಿದರೆ ಆರಕ್ಕೆ ಸರಾಸರಿ ಹತ್ತು ಸರದಿ ಕಾಯಬೇಕು. ಮಜಾ ಏನೆಂದರೆ ಬಿದ್ದ ಸಂಖ್ಯೆಗಳ ಸರಾಸರಿ ಮಾತ್ರ ಸರಿಯಾದ ದಾಳದ ಹಾಗೆ 3.5 ಆಗಿಯೇ ಉಳಿಯುತ್ತದೆ. ಬರೀ ಸರಾಸರಿ ನೋಡಿ ಸರಿ ಇದೆ ಅಂದುಕೊಂಡರೆ ಸಿಕ್ಕಿಹಾಕಿಕೊಂಡಿರಿ.

ಮೂರನೇಮನೆ:
ಇದು ನನಗೆ ಗೊತ್ತೇ ಇರಲಿಲ್ಲ. ಕೋಡ್ ಓದಲು ಬಾರದವರು ಹೇಗೆ ಕಂಡುಹಿಡಿಯಬೇಕು?

ಲೆಕ್ಕದಮೇಷ್ಟ್ರು:
ಎಣಿಸಬೇಕು. ಒಂದೇ ಸಲ ಬಹಳ ದಾಳ ಉರುಳಿಸುವ ಸೌಲಭ್ಯ ಇದ್ದರೆ 600 ಸಲ ಉರುಳಿಸಿ, ಪ್ರತಿ ಮುಖ ಎಷ್ಟು ಸಲ ಬಿತ್ತು ಬರೆದುಕೊಳ್ಳಿ. ಸರಿಯಾದ ದಾಳದಲ್ಲಿ ಒಂದೊಂದೂ 100ರ ಆಸುಪಾಸಿನಲ್ಲಿರುತ್ತದೆ. ಸರಿಯಾಗಿ 100 ಅಲ್ಲ. 82ರಿಂದ 118ರ ನಡುವೆ ಇದ್ದರೆ ಗಾಬರಿ ಬೇಡ.

ಇನ್ನೂ ಬಿಗಿಯಾಗಿ ಪರೀಕ್ಷಿಸಬೇಕೆಂದರೆ ಹೀಗೆ ಮಾಡಿ. 92, 108, 97, 111, 88, 104 ಬಂದಿದೆ ಅಂದುಕೊಳ್ಳಿ. 100ರಿಂದ ಪ್ರತಿಯೊಂದರ ವ್ಯತ್ಯಾಸ 8, 8, 3, 11, 12, 4. ಅವುಗಳ ವರ್ಗ ತೆಗೆದು ಕೂಡಿದರೆ 418. ಅದನ್ನು 100ರಿಂದ ಭಾಗಿಸಿದರೆ 4.18. ಈ ಸಂಖ್ಯೆ 11.07 ದಾಟಿದರೆ ಅನುಮಾನ ಪಡಬೇಕು. ಒಳ್ಳೆಯ ದಾಳವೂ ಇಪ್ಪತ್ತರಲ್ಲಿ ಒಂದು ಸಲ ದಾಟುತ್ತದೆ. ಆದ್ದರಿಂದ ದಾಟಿದ ಕೂಡಲೇ ತೀರ್ಪು ಕೊಡದೆ ಮತ್ತೊಂದು 600 ಉರುಳಿಸಿ. ಕೋಡುಕಟ್ಟುವವ ಅವರು ಹೇಳಿದ ಆ ತಪ್ಪು ದಾಳದಲ್ಲಿ ಈ ಸಂಖ್ಯೆ 48ರ ಹತ್ತಿರ ಬರುತ್ತದೆ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ.

ಇದಕ್ಕೆ ಕೈ-ವರ್ಗ (ಇಂಗ್ಲಿಷಿನಲ್ಲಿ chi-square) ಪರೀಕ್ಷೆ ಎನ್ನುತ್ತಾರೆ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದ್ದು. ಅವರು ಅದನ್ನು ಪ್ರಯೋಗಿಸಿದ ಮಾಹಿತಿಗಳಲ್ಲಿ ದಾಳದ್ದೂ ಒಂದು! ವಾಲ್ಟರ್ ವೆಲ್ಡನ್ ಎಂಬ ಜೀವವಿಜ್ಞಾನಿ 12 ದಾಳಗಳನ್ನು ಒಟ್ಟಿಗೆ ಎಸೆದು ದಾಖಲಿಸಿದ ಎಸೆತಗಳು ಅವು. ಒಟ್ಟು 26,306 ಎಸೆತ. ಐದು ಅಥವಾ ಆರು ಬೀಳುವುದು ಮೂರರಲ್ಲಿ ಒಂದು ಪಾಲು, ಅಂದರೆ 0.3333 ಇರಬೇಕಿತ್ತು. ಬಂದಿದ್ದು 0.3377. ಚುಕ್ಕಿಗಾಗಿ ಕುಳಿ ತೋಡಿದ ದಾಳದಲ್ಲಿ ಆರು ಚುಕ್ಕಿಯ ಮುಖ ಹಗುರ, ಅದರ ಎದುರಿನ ಒಂದು ಚುಕ್ಕಿಯ ಮುಖ ಭಾರ. ಭಾರವಾದದ್ದು ಕೆಳಗೆ ಹೋಗುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಹಾಗಾಗಿ "ನಿಜವಾದ ದಾಳ" ಅನ್ನುವುದೇ ಪೂರ್ತಿ ಸಮ ಅಲ್ಲ. ಚೆನ್ನಾಗಿ ಬರೆದ ಮೊಬೈಲ್ ದಾಳ ಅದಕ್ಕಿಂತ ಸಮವಾಗಿರುತ್ತದೆ. ಅತ್ತೆಯವರಿಗೆ ಇದನ್ನೇ ಹೇಳಿ.

ಒಂದನೇಕ್ಲಾಸು:
ಲೆಕ್ಕದ ಮಾತು ಆಯಿತು. ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಚಿಕ್ಕ ಮಕ್ಕಳ ಜೊತೆಯೇ ನನ್ನ ದಿನ ಕಳೆಯುವುದು.

ನೀಲಿಕಾಯಿ ಮೇಡಂ, ಮೊದಲು ಕೈಗೆ ಸಿಗುವ ದಾಳ ಕೊಡಿ. ಪರದೆ ಆಮೇಲೆ. ಮಗು ದಾಳವನ್ನು ಮುಷ್ಟಿಯಲ್ಲಿ ಹಿಡಿದು, ಎಸೆದು, ಬಗ್ಗಿ ನೋಡಿ, ಚುಕ್ಕಿಯ ಮೇಲೆ ಬೆರಳಿಟ್ಟು ಎಣಿಸುತ್ತದೆ. ಆ ಬೆರಳಿನ ಕೆಲಸ ಗಾಜಿನ ಮೇಲೆ ಆಗುವುದಿಲ್ಲ. ಮುಟ್ಟಿದ ಕೂಡಲೇ ದಾಳ ಮತ್ತೆ ಉರುಳಿಬಿಡುತ್ತದೆ! ಚಿಕ್ಕವರು ಪರದೆಯ ದಾಳದಲ್ಲಿ ಗಲಿಬಿಲಿಯಾಗುವುದು ಇಲ್ಲಿಯೇ. ಬೆರಳಿಟ್ಟು ಎಣಿಸಲು ಹೋಗುತ್ತಾರೆ, ನಾಲ್ಕಿದ್ದದ್ದು ಎರಡಾಗಿರುತ್ತದೆ. ಉರುಳಿಸುವ ಗುಂಡಿ ಬೇರೆ ಜಾಗದಲ್ಲಿರುವ ದಾಳವನ್ನೇ ಆರಿಸಿ.

ಎರಡನೆಯದು, ಅಂಕಿ ತೋರಿಸುವ ದಾಳ ಬೇಡ, ಚುಕ್ಕಿ ತೋರಿಸುವುದು ಬೇಕು. ಐದು ಚುಕ್ಕಿ ಅಂದರೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಮಗು ಕೆಲವು ದಿನ ಒಂದೊಂದಾಗಿ ಎಣಿಸುತ್ತದೆ. ಒಂದು ದಿನ ಎಣಿಸದೆ "ಐದು" ಎನ್ನುತ್ತದೆ. ಆಮೇಲೆ ಎರಡು ದಾಳ ಕೊಟ್ಟಾಗ, ಐದು ಮತ್ತು ಮೂರು ಬಿದ್ದರೆ, ಐದನ್ನು ಮನಸ್ಸಿನಲ್ಲಿಟ್ಟು "ಆರು, ಏಳು, ಎಂಟು" ಎಂದು ಮುಂದುವರಿಸುತ್ತದೆ. ಮೊದಲಿನಿಂದ ಎಣಿಸುವುದನ್ನು ಬಿಟ್ಟ ಆ ಘಳಿಗೆ ದೊಡ್ಡದು. ಅಂಕಿ ಬರೆದ ದಾಳದಲ್ಲಿ ಈ ದಾರಿಯೇ ತಪ್ಪಿಹೋಗುತ್ತದೆ.

ಚಿತ್ರದ ದಾಳ ಎರಡು ಸೆಕೆಂಡ್ ಕುಣಿದು ನಿಲ್ಲುತ್ತದಲ್ಲ, ಅದನ್ನು ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಿ. ಮಕ್ಕಳು ಚುಕ್ಕಿ ನೋಡುವುದು ಬಿಟ್ಟು ಕುಣಿತ ನೋಡುತ್ತಾರೆ.

ಕಿವಿಯಾಟ:
ನಾನು ದೃಷ್ಟಿ ಇಲ್ಲದವನು. ನನಗೆ ಈ ವರ್ಚುವಲ್ ದಾಳ ಬರೀ ಅನುಕೂಲ ಅಲ್ಲ. ಮಾಮೂಲಿ ದಾಳ ಎಸೆದ ಮೇಲೆ ಏನು ಬಿತ್ತು ಎಂದು ಇನ್ನೊಬ್ಬರು ಹೇಳಬೇಕು. ಉಬ್ಬು ಚುಕ್ಕಿಯ ದಾಳ ಇದೆ, ಅದು ಚೆನ್ನಾಗಿಯೇ ಇರುತ್ತದೆ. ಆದರೆ ಮುಟ್ಟಿ ನೋಡುವಾಗ ಉರುಳದಂತೆ ಹುಷಾರಾಗಿರಬೇಕು. ಫೋನಿನ ದಾಳ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಜೊತೆ ಸರಿಯಾಗಿ ಕೆಲಸ ಮಾಡಿದರೆ, ಒತ್ತಿದ ಕೂಡಲೇ "ನಾಲ್ಕು" ಎಂದು ಹೇಳುತ್ತದೆ. ನನ್ನ ಸರದಿ, ನನ್ನ ದಾಳ, ನಾನೇ ಮೊದಲು ಕೇಳುತ್ತೇನೆ.

ಆದರೆ ಬಹಳ ದಾಳಗಳು ಬರೀ ಚಿತ್ರ ಬದಲಿಸುತ್ತವೆ. ಆ ಚಿತ್ರಕ್ಕೆ ಹೆಸರಿರುವುದಿಲ್ಲ. ಸ್ಕ್ರೀನ್ ರೀಡರ್ "ಚಿತ್ರ" ಎಂದು ಹೇಳಿ ಸುಮ್ಮನಾಗುತ್ತದೆ. ದಾಳ ಮಾಡುವವರು ದಯವಿಟ್ಟು ಫಲಿತಾಂಶವನ್ನು ಅಕ್ಷರದಲ್ಲೂ ಕೊಡಿ, ಬದಲಾದಾಗ ತಾನಾಗಿಯೇ ಓದುವಂತೆ ಮಾಡಿ. ಎರಡು ಸಾಲಿನ ಕೆಲಸ ಅಷ್ಟೇ. ಕೈ ನಡುಗುವವರಿಗೆ, ಬೆರಳು ಹಿಡಿತ ಇಲ್ಲದವರಿಗೆ ದೊಡ್ಡ ಗುಂಡಿಯೂ ಬೇಕು.

ಕೋಡುಕಟ್ಟುವವ:
ಕಿವಿಯಾಟ ಅವರೇ, ಇದನ್ನು ಬರೆದಿದ್ದಕ್ಕೆ ಧನ್ಯವಾದ. ಬ್ರೌಸರ್‌ನಲ್ಲಿ ಇದಕ್ಕೆಂದೇ ಆರಿಯಾ-ಲೈವ್ ಎಂಬ ಗುಣ ಇದೆ, ಹಾಕಲು ನಿಮಿಷ ಸಾಕು. ದಾಳ ಬರೆಯುವ ಪ್ರತಿಯೊಬ್ಬರೂ ಹಾಕಲೇಬೇಕು.

ಇಪ್ಪತ್ತುಮುಖ:
ಕಥೆ ಕಟ್ಟಿಕೊಂಡು ಆಡುವ ರೋಲ್ ಪ್ಲೇ ಆಟಗಳ ಕಡೆಯಿಂದ ಒಂದು ಮಾತು. ನಮಗೆ ಬೇಕಾಗುವುದು 4, 6, 8, 10, 12, 20 ಮುಖದ ದಾಳಗಳು. ಹೊಸಬರು ಇಡೀ ಸೆಟ್ ಕೊಳ್ಳುವ ಮೊದಲು ಫೋನಿನಲ್ಲೇ ಆಡಿ ನೋಡಬಹುದು. ಗೂಗಲ್‌ನಲ್ಲಿ ದಾಳ ಉರುಳಿಸು ಎಂದು ಇಂಗ್ಲಿಷಿನಲ್ಲಿ ಹುಡುಕಿದರೇ ಈ ದಾಳಗಳು ತೆರೆದುಕೊಳ್ಳುತ್ತವೆ. ರ್‍ಯಾಂಡಮ್.ಆರ್ಗ್ ಎಂಬ ತಾಣ 1998ರಿಂದ ಇದೆ. ವಾತಾವರಣದ ರೇಡಿಯೊ ಗದ್ದಲದಿಂದ ಸಂಖ್ಯೆ ತೆಗೆಯುತ್ತದೆ, ಅಲ್ಲೂ ದಾಳ ಇದೆ. ದೂರದವರ ಜೊತೆ ಆಡುವಾಗ ನನಗೆ ಮುಖ್ಯ ಅನ್ನಿಸುವುದು ಎಲ್ಲರಿಗೂ ಕಾಣುವ ಪಟ್ಟಿ. ಯಾರು, ಯಾವಾಗ, ಯಾವ ದಾಳ, ಏನು ಬಿತ್ತು. ಅದು ಎದುರಿಗೆ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಹತ್ತನೇತರಗತಿ:
ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಸಂಭವನೀಯತೆ ಪಾಠಕ್ಕೆ ಇದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ನನಗೆ ಬಹಳ ಇಷ್ಟವಾದ ಚಟುವಟಿಕೆ ಹೇಳುತ್ತೇನೆ, ಬೇಕಾದವರು ಮಾಡಿ ನೋಡಿ.

ತರಗತಿಯನ್ನು ಎರಡು ಭಾಗ ಮಾಡಿ. ಅರ್ಧ ಮಕ್ಕಳು 20 ಸಲ ದಾಳ ಉರುಳಿಸಿ ಬರೆಯಲಿ. ಉಳಿದವರು ದಾಳ ಮುಟ್ಟದೆ, ಉರುಳಿಸಿದ ಹಾಗೆ ಮನಸ್ಸಿನಿಂದ 20 ಸಂಖ್ಯೆ ಬರೆಯಲಿ. ಹಾಳೆಗಳನ್ನು ಬೆರೆಸಿ ನಿಮ್ಮ ಕೈಗೆ ಕೊಡಲಿ. ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ನೀವು ಬಹುತೇಕ ಸರಿಯಾಗಿ ಬೇರ್ಪಡಿಸಬಹುದು. ಗುಟ್ಟು ಇಷ್ಟೇ: ಒಂದು ಸಂಖ್ಯೆಯ ಪಕ್ಕದಲ್ಲೇ ಅದೇ ಸಂಖ್ಯೆ ಮತ್ತೆ ಬಂದಿದೆಯಾ ನೋಡುವುದು. 20 ಎಸೆತದಲ್ಲಿ 19 ಪಕ್ಕದ ಜೋಡಿಗಳಿವೆ. ಒಂದೊಂದು ಜೋಡಿ ಒಂದೇ ಆಗುವ ಸಂಭವ 1/6. ಹಾಗಾಗಿ ಸರಾಸರಿ ಮೂರು ಕಡೆ ಪುನರಾವರ್ತನೆ ಇರಬೇಕು. ಒಂದೂ ಇಲ್ಲದಿರುವ ಸಂಭವ ನೂರಕ್ಕೆ ಬರೀ 3. ಮನಸ್ಸಿನಿಂದ ಬರೆಯುವ ಮಕ್ಕಳು 4 ಬರೆದ ಮೇಲೆ ಮತ್ತೆ 4 ಬರೆಯಲು ಹಿಂದೆಮುಂದೆ ನೋಡುತ್ತಾರೆ. "4, 4, 4" ಬರೆಯುವವರಂತೂ ಅಪರೂಪ. ಅದೃಷ್ಟ ಅಂದರೆ ಸಮವಾಗಿ ಹರಡಿಕೊಂಡಿರಬೇಕು ಎಂದು ನಮ್ಮ ಮನಸ್ಸು ತಿಳಿದುಕೊಂಡಿದೆ. ಲೂಡೋ ದಾಳದ ಮೇಲಿನ ಅನುಮಾನದ ಬೇರೂ ಇಲ್ಲೇ ಇದೆ.

ಇನ್ನೊಂದು ಹಳೆಯ ಒಗಟು. ಮೂರು ದಾಳ ಎಸೆದಾಗ 9 ಬರಲು ಆರು ರೀತಿಯ ಜೋಡಣೆ, 10 ಬರಲೂ ಆರು ರೀತಿ. ಆದರೂ ಜೂಜಾಡುವವರಿಗೆ 10 ಸ್ವಲ್ಪ ಜಾಸ್ತಿ ಬೀಳುತ್ತದೆ ಅನ್ನಿಸಿತ್ತು. ಗೆಲಿಲಿಯೋ ಲೆಕ್ಕ ಹಾಕಿ ತೋರಿಸಿದ: ಒಟ್ಟು 216ರಲ್ಲಿ 9ಕ್ಕೆ 25, 10ಕ್ಕೆ 27. 3, 3, 3 ಬೀಳಲು ಒಂದೇ ದಾರಿ. 4, 3, 3 ಬೀಳಲು ಮೂರು ದಾರಿ, ಏಕೆಂದರೆ ಆ ನಾಲ್ಕು ಯಾವ ದಾಳದಲ್ಲಾದರೂ ಬೀಳಬಹುದು. ಇಷ್ಟು ಸಣ್ಣ ವ್ಯತ್ಯಾಸ ಕಾಣಬೇಕೆಂದರೆ ಸಾವಿರಾರು ಎಸೆತ ಬೇಕು. ಕೈಯಲ್ಲಿ ಯಾರು ಎಸೆಯುತ್ತಾರೆ? ಪರದೆಯಲ್ಲಿ 10,000 ಸಲ ಒಂದೇ ಕ್ಲಿಕ್ಕು. 9 ಸುಮಾರು 1157, 10 ಸುಮಾರು 1250ರ ಹತ್ತಿರ ಬಂದು ನಿಲ್ಲುತ್ತವೆ. ಕಂಬಚಿತ್ರ ಏರುವುದನ್ನು ನೋಡುತ್ತಾ ಕೂತ ಮಕ್ಕಳಿಗೆ ಸೂತ್ರ ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ಲೆಕ್ಕದಮೇಷ್ಟ್ರು:
ಪಿಗ್ ಆಟವನ್ನೂ ಸೇರಿಸಿಕೊಳ್ಳಿ. ನಿಮ್ಮ ಸರದಿಯಲ್ಲಿ ಎಷ್ಟು ಸಲ ಬೇಕಾದರೂ ಉರುಳಿಸಬಹುದು, ಬಿದ್ದದ್ದು ಕೂಡುತ್ತಾ ಹೋಗುತ್ತದೆ. ಆದರೆ 1 ಬಿತ್ತೋ, ಆ ಸರದಿಯದ್ದೆಲ್ಲ ಹೋಯಿತು. ಮೊದಲು 100 ಮುಟ್ಟಿದವರು ಗೆದ್ದರು. ಎಲ್ಲಿ ನಿಲ್ಲಿಸಬೇಕು? ಇನ್ನೊಂದು ಸಲ ಉರುಳಿಸಿದರೆ ಸಿಗಬಹುದಾದದ್ದು 2+3+4+5+6, ಅಂದರೆ 20ರ ಆರನೇ ಒಂದು ಪಾಲು. ಕಳೆದುಕೊಳ್ಳಬಹುದಾದದ್ದು ಕೈಯಲ್ಲಿರುವುದರ ಆರನೇ ಒಂದು ಪಾಲು. ಎರಡೂ ಸಮ ಆಗುವುದು ಕೈಯಲ್ಲಿ 20 ಇದ್ದಾಗ. ಹಾಗಾಗಿ 20 ಆದರೆ ನಿಲ್ಲಿಸುವುದು ಒಳ್ಳೆಯ ನಿಯಮ. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ಅವರೇ ಆಡಿ ವಾದ ಮಾಡಲಿ.

ಇಬ್ಬರಮಕ್ಕಳಮ್ಮ:
ಎಲ್ಲ ಸರಿ, ಆದರೆ ಒಂದು ಆತಂಕ. ಮಕ್ಕಳಿಗೆ ದಾಳದ ಆ್ಯಪ್ ಹಾಕಿಕೊಟ್ಟರೆ ಕೆಳಗೆ ಬೆಟ್ಟಿಂಗ್ ಜಾಹೀರಾತು ಕುಣಿಯುತ್ತದೆ. ದಾಳ ಉರುಳಿಸಲು ಕಾಂಟ್ಯಾಕ್ಟ್ಸ್, ಲೊಕೇಶನ್ ಅನುಮತಿ ಏಕೆ ಬೇಕು ಹೇಳಿ?

ಕೋಡುಕಟ್ಟುವವ:
ಬೇಕಾಗಿಲ್ಲ. ಯಾವ ಅನುಮತಿಯೂ ಬೇಡ, ಲಾಗಿನ್ನೂ ಬೇಡ. ಕೇಳಿದರೆ ಆ ಆ್ಯಪ್ ತೆಗೆದುಹಾಕಿ. ಎಲ್ಲಕ್ಕಿಂತ ಒಳ್ಳೆಯದು, ದೊಡ್ಡ ಮಕ್ಕಳಾದರೆ ಅವರ ಕೈಯಲ್ಲೇ ದಾಳ ಮಾಡಿಸಿ. ಮಕ್ಕಳು ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್‌ನಲ್ಲಿ 1ರಿಂದ 6ರವರೆಗೆ ಯಾವುದಾದರೂ ಸಂಖ್ಯೆ ಆರಿಸುವ ಬ್ಲಾಕ್ ಇದೆ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ರ್‍ಯಾಂಡಿಂಟ್(1, 6) ಸಾಕು, ಎರಡೂ ತುದಿ ಅದರಲ್ಲಿ ಸೇರಿರುತ್ತವೆ. ಮಾಡಿದ ಮೇಲೆ ಮೇಷ್ಟ್ರು ಹೇಳಿದ 600ರ ಪರೀಕ್ಷೆಗೆ ಹಾಕಿಸಿ. ತಾನೇ ಮಾಡಿದ ದಾಳವನ್ನು ತಾನೇ ಅನುಮಾನಿಸಿ ಪರೀಕ್ಷಿಸಿದ ಮಗು ಬೇರೆಯವರ ದಾಳವನ್ನು ಕುರುಡಾಗಿ ನಂಬುವುದೂ ಇಲ್ಲ, ಕುರುಡಾಗಿ ಬೈಯುವುದೂ ಇಲ್ಲ.

ಮರದದಾಳ:
ನನಗೆ ಇನ್ನೂ ಒಪ್ಪಿಗೆ ಇಲ್ಲ. ಎಲ್ಲರೂ ಒಂದೇ ಕಡೆ ಕೂತಿರುವಾಗ ಫೋನು ಯಾಕೆ? ದಾಳ ಕೈಯಲ್ಲಿ ಅಲ್ಲಾಡಿಸುವುದು, ಅದು ಉರುಳಿ ನಿಲ್ಲುವವರೆಗೆ ಎಲ್ಲರೂ ಉಸಿರು ಹಿಡಿಯುವುದು, ಇದೇ ಆಟ ಅಲ್ವಾ? ಫೋನು ಮಧ್ಯೆ ಬಂದರೆ ನೋಟಿಫಿಕೇಶನ್ನೂ ಬರುತ್ತದೆ, ಒಬ್ಬೊಬ್ಬರಾಗಿ ಆಟದಿಂದ ಎದ್ದು ಹೋಗುತ್ತಾರೆ.

ಒಂದನೇಕ್ಲಾಸು:
ನಿಮ್ಮ ಮಾತು ನನಗೂ ಒಪ್ಪಿಗೆ. ಒಟ್ಟಿಗೆ ಕೂತಾಗ ಕೈ ದಾಳ, ದೂರ ಇದ್ದಾಗ ಅಥವಾ ಸಾವಿರ ಸಲ ಉರುಳಿಸಬೇಕಾದಾಗ ಫೋನಿನ ದಾಳ. ಕಿವಿಯಾಟ ಅವರಂಥವರು ಆಟದಲ್ಲಿದ್ದರೆ ಎಲ್ಲರೂ ಒಟ್ಟಿಗೆ ಕೂತಾಗಲೂ ಫೋನಿನದೇ ಸರಿ.

ನೀಲಿಕಾಯಿ:
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅತ್ತೆಗೆ ಆ 0.51ರ ಲೆಕ್ಕ ಹೇಳಿದೆ. "ಲೆಕ್ಕ ಸರಿ, ಆದರೆ ನಿನ್ನ ಪರದೆ ನನಗೆ ಕಾಣುವುದಿಲ್ಲವಲ್ಲ" ಎಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ಫೋನೇ ಇಲ್ಲದೆ ಇಬ್ಬರ ನಡುವೆ ದಾಳ ಹಾಕುವ ಉಪಾಯ ಏನಾದರೂ ಇದೆಯಾ?

ಕೋಡುಕಟ್ಟುವವ:
ಇದೆ. ಅತ್ತೆ 1ರಿಂದ 6ರೊಳಗೆ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಕ್ಯಾಮೆರಾ ಎದುರಿಗೇ ಬೋರಲು ಹಾಕಿ ಇಡಲಿ. ಕೈ ತೆಗೆಯಲಿ. ಆಮೇಲೆ ನೀವು 1ರಿಂದ 6ರೊಳಗೆ ಒಂದು ಸಂಖ್ಯೆಯನ್ನು ಬಾಯಲ್ಲಿ ಹೇಳಿ. ಅವರು ಚೀಟಿ ತಿರುಗಿಸಲಿ. ಎರಡನ್ನೂ ಕೂಡಿ. ಮೊತ್ತ 6 ದಾಟಿದರೆ ಅದರಲ್ಲಿ 6 ಕಳೆಯಿರಿ. ಬಂದದ್ದೇ ದಾಳ. ಅವರು 5 ಬರೆದು ನೀವು 4 ಹೇಳಿದರೆ 9, ಆರು ಕಳೆದರೆ 3. ಇಬ್ಬರಲ್ಲಿ ಒಬ್ಬರು ಮನಸ್ಸಿಗೆ ಬಂದಂತೆ, ಯಾವ ಲೆಕ್ಕಾಚಾರವೂ ಇಲ್ಲದೆ ಆರಿಸಿದರೂ ಸಾಕು, ಇನ್ನೊಬ್ಬರು ಏನು ಯೋಚಿಸಿ ಬರೆದರೂ ಫಲಿತಾಂಶ ಅವರ ಹಿಡಿತಕ್ಕೆ ಸಿಗುವುದಿಲ್ಲ. ನಂಬಿಕೆ ಇಲ್ಲದ ಇಬ್ಬರು ಫೋನಿನಲ್ಲಿ ನಾಣ್ಯ ಚಿಮ್ಮುವುದು ಹೇಗೆ ಎಂದು ಕಂಪ್ಯೂಟರ್ ವಿಜ್ಞಾನಿ ಮ್ಯಾನುಯೆಲ್ ಬ್ಲಮ್ 1981ರಲ್ಲಿ ತೋರಿಸಿದ್ದು ಇದೇ ಜಾತಿಯ ಉಪಾಯ. ಅಲ್ಲಿ ಚೀಟಿಯ ಬದಲು ಗಣಿತ ಇತ್ತು.

ನಿಧಾನ ಆಗುತ್ತದೆ, ಪ್ರತಿ ಸರದಿಗೂ ಬೇಡ. ಅನುಮಾನ ಬಂದ ಎಸೆತಕ್ಕೆ ಮಾತ್ರ ಬಳಸಿ.

ಒಂದನೇಕ್ಲಾಸು:
ಮೇಡಂ, ಚೀಟಿಯ ಆಟದಲ್ಲಿ ಕೂಡುವುದನ್ನೂ ಆರು ಕಳೆಯುವುದನ್ನೂ ನಿಮ್ಮ ಮಗಳಿಗೇ ವಹಿಸಿ. ದೊಡ್ಡವರೆಲ್ಲ ಅವಳ ಉತ್ತರಕ್ಕಾಗಿ ಕಾಯಬೇಕು. ಮೊದಮೊದಲು ತಡವಾದರೆ ಯಾರೂ ಬಾಯಿ ಹಾಕದಿರಲಿ.